ಬೋರ್ಡೋ ಪಂಪು ಹಟ್ಟಿಯ ಪೈಪನ್ನೂ ಬಿಡಿಸೀತು

ಮಳೆಗಾಲದ ನಡುವೆ ನಮ್ಮ ಹಟ್ಟಿಯ ಪೈಪು ಕಟ್ಟಿತು. ಸ್ಲರಿ ಗುಂಡಿಗೆ ಹೋಗುವ 40 ಅಡಿ ಉದ್ದದ, 4 ಇಂಚಿನ ಪಿವಿಸಿ. ಬೈಹುಲ್ಲು, ಹಾಳೆಚೂರು, ಸೆಗಣಿ ಸೇರಿ ಗಟ್ಟಿ ಬಿರಡೆ. ಮೇಲಿನಿಂದ ಬಿದಿರು ತುರುಕಿದೆವು. ಇನ್ನಷ್ಟು ಬಿಗಿಯಾಯ್ತು, ಅಷ್ಟೆ.

ಆಗ ನೆನಪಾದದ್ದು ಅಡಿಕೆಗೆ ಬೋರ್ಡೋ ಹೊಡೆಯುವ ಪಂಪು. ಪೇಟೆಯಲ್ಲಿ ಒಳಚರಂಡಿ ಬಿಡಿಸುವ ಯಂತ್ರದ ಗುಟ್ಟು ಇರುವುದು ನಾಸಲ್‌ನಲ್ಲಿ. ತೂತುಗಳು ಹಿಮ್ಮುಖ. ನೀರು ಹಿಂದಕ್ಕೆ ಚಿಮ್ಮುವಾಗ ಹೋಸು ತಾನೇ ಮುಂದೆ ತೆವಳುತ್ತದೆ, ಕೊಳೆ ಹಿಂದಕ್ಕೆ ಬರುತ್ತದೆ. ಲೇತಿನವರಲ್ಲಿ ಹಿತ್ತಾಳೆ ತುಂಡಿಗೆ ಹಿಂದಕ್ಕೆ ಓರೆಯಾಗಿ 4, ಎದುರಿಗೆ 1 ಸಣ್ಣ ತೂತು ಕೊರೆಸಿದೆ.

ಹೋಸು ತೂರಿಸಬೇಕಾದ್ದು ತಗ್ಗಿನ ತುದಿಯಿಂದ. ಕೊಳೆ ಇಳಿಯಲು ದಾರಿ ಬೇಕಲ್ಲ! ಆದರೆ ಪೈಪಿನ ಬಾಯಿ ಗುಂಡಿಯೊಳಗೆ 3 ಅಡಿ ಕೆಳಗೆ. "ನಾನು ಇಳೀತೇನೆ ಅಣ್ಣಾ" ಎಂದ ಕೆಲಸದವ ಒಂದು ಕಾಲು ಇಟ್ಟೇಬಿಟ್ಟಿದ್ದ. ರಟ್ಟೆ ಹಿಡಿದು ಎಳೆದೆ. ಸ್ಲರಿ ಕದಡಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದು. ಕೆಲವೇ ಉಸಿರಿಗೆ ಮನುಷ್ಯ ಬೀಳುತ್ತಾನೆ, ಎತ್ತಲು ಇಳಿದವನೂ.

ಕವೆಯಿರುವ ಗಳಕ್ಕೆ ಹೋಸಿನ ತುದಿ ಸಿಕ್ಕಿಸಿ ದಡದಿಂದಲೇ ತೂರಿಸಿದೆವು. ನಾಸಲ್ ಪೈಪಿನೊಳಗೆ ಹೋದ ಮೇಲೆಯೇ ಪಂಪು ಚಾಲೂ. ಹೊರಗಿದ್ದರೆ ಹಾವಿನಂತೆ ಬಡಿಯುತ್ತದೆ, ಆ ನೀರು ಚರ್ಮದೊಳಗೂ ನುಗ್ಗೀತು. ಪ್ರೆಶರ್ ಮೊದಲು ಕಡಿಮೆ, ಹಳೆಯ ಜಾಯಿಂಟು ನೋಡಿ. ಸೋಸಿದ ನೀರನ್ನೇ ಕೊಡಿ, ಕಸ ಹೋದರೆ ಪಂಪಿನ ವಾಲ್ವು ಹಾಳು.

ಅರ್ಧ ಗಂಟೆ ಹಿಂದೆ ಮುಂದೆ ಆಡಿಸಿದ ಮೇಲೆ ಗೊಳಕ್ಕನೆ ಎಲ್ಲ ಇಳಿಯಿತು. ಈಗ ಹಟ್ಟಿಯ ಬದಿಗೆ ಜಾಲರಿ ಹಾಕಿದ್ದೇನೆ. ಅದನ್ನು ದಿನಾ ಕೊಡವುವವರು ಯಾರೆಂದು ಮನೆಯಲ್ಲಿನ್ನೂ ತೀರ್ಮಾನ ಆಗಿಲ್ಲ.