ಅಮ್ಮ ಬಂದು ಕೂತಳು ಲಾಸ್ಟ್ ಬೆಂಚಿನಲ್ಲಿ!

ಒಂದು ಸಣ್ಣ ಪ್ರಶ್ನೆ. ಎದೆ ಮುಟ್ಟಿಕೊಂಡು ಉತ್ತರ ಹೇಳಬೇಕು. ನೀವು ಹತ್ತನೇ ಕ್ಲಾಸಿನ ಕೊನೆ ಬೆಂಚಿನಲ್ಲಿ ಕೂತು ಲೆಕ್ಕದ ಮೇಷ್ಟರನ್ನು ಅಣಕಿಸುತ್ತಾ ಮಜಾ ಮಾಡ್ತಿದ್ದೀರಿ. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಹೊಸ ಅಡ್ಮಿಷನ್! ಮೈಮೇಲೆ ಯೂನಿಫಾರ್ಮು, ಹೆಗಲಿಗೆ ಚೀಲ. ಯಾರಪ್ಪಾ ಅಂತ ಕತ್ತೆತ್ತಿ ನೋಡಿದರೆ... ಹೆತ್ತ ತಾಯಿ!

ಏನ್ಮಾಡ್ತೀರಿ ಸ್ವಾಮಿ? ಓಡ್ತೀರೋ, ಬೆಂಚಿನ ಕೆಳಗೆ ತೂರ್ತೀರೋ?

2016ರ ಏಪ್ರಿಲ್ 22ರಂದು ತೆರೆಕಂಡ ಹಿಂದಿ ಚಿತ್ರ ‘ನಿಲ್ ಬಟ್ಟೆ ಸನ್ನಾಟಾ’ದ ಕಥೆ ಇದೇ. ಹೆಸರಿನಲ್ಲಿರೋ ಬಟ್ಟೆ ನಾವು ಹಾಕಿಕೊಳ್ಳೋ ಬಟ್ಟೆಯಲ್ಲ, ಲೆಕ್ಕದಲ್ಲಿ ಬರುವ ‘ಭಾಗಿಸು’. ಸೊನ್ನೆಯನ್ನು ನಿಶ್ಶಬ್ದದಿಂದ ಭಾಗಿಸಿದರೆ ಏನು ಸಿಗುತ್ತೆ? ಏನೂ ಇಲ್ಲ! ಯಾತಕ್ಕೂ ಬಾರದವರನ್ನು ಉತ್ತರದ ಕಡೆ ಹೀಗೆ ಆಡಿಕೊಳ್ತಾರೆ. ನಮ್ಮಲ್ಲಿ ‘ಸೊನ್ನೆ ಸುತ್ತಿದ’ ಅನ್ನೋದಿಲ್ಲವೆ, ಹಾಗೆ.

ಆಗ್ರಾದ ಮನೆಗೆಲಸದಾಕೆ

ಊರು ಆಗ್ರಾ. ಆದರೆ ಪ್ರೇಮಿಗಳ ತಾಜಮಹಲಿಗೂ ಈ ಕಥೆಗೂ ಏನೂ ಸಂಬಂಧವಿಲ್ಲ. ಇಲ್ಲಿರೋದು ಒಂದು ಇಕ್ಕಟ್ಟಿನ ಮನೆ, ಒಬ್ಬ ತಾಯಿ, ಒಬ್ಬ ಮಗಳು. ತಾಯಿ ಚಂದಾ ಮನೆಗೆಲಸ ಮಾಡುತ್ತಾಳೆ, ಅದು ಸಾಲದೆಂದು ಇನ್ನೆಲ್ಲೆಲ್ಲೋ ದುಡಿಯುತ್ತಾಳೆ. ಗಂಡನ ಆಸರೆ ಇಲ್ಲ. ಮಗಳ ಹೆಸರು ಅಪೇಕ್ಷಾ, ಮನೆಯಲ್ಲಿ ಕರೆಯೋದು ಅಪು. (‘ಅಪ್ಪು’ ಅಂತ ಓದಿ ಶಿಳ್ಳೆ ಹೊಡೀಬೇಡಿ, ಇದು ಬೇರೆ!) ಈ ಹುಡುಗಿಗೆ ಗಣಿತ ಅಂದರೆ ಮೈಯೆಲ್ಲ ಜ್ವರ. ಓದೇ ಅಂತ ತಾಯಿ ಗೋಗರೆದರೆ ಮಗಳ ವಾದ ಏನು ಗೊತ್ತೆ? ಡಾಕ್ಟರ ಮಕ್ಕಳು ಡಾಕ್ಟರಾಗ್ತಾರೆ, ಎಂಜಿನಿಯರ್ ಮಕ್ಕಳು ಎಂಜಿನಿಯರಾಗ್ತಾರೆ, ಕೆಲಸದವಳ ಮಗಳು ಕೆಲಸದವಳೇ ತಾನೆ!

ಆ ಮಾತಿಗೆ ಚಂದಾಳ ಮುಖ ನೋಡಬೇಕು. ಹಿನ್ನೆಲೆಯಲ್ಲಿ ಪಿಟೀಲು ಕುಯ್ಯೋದಿಲ್ಲ, ಗುಡುಗು ಸಿಡಿಲು ಬರೋದಿಲ್ಲ. ಅಷ್ಟಾದರೂ ನೋಡೋನ ಗಂಟಲು ಕಟ್ಟುತ್ತೆ.

ಚಂದಾ ಕೆಲಸ ಮಾಡುವ ಮನೆಯ ಒಡತಿ ಡಾಕ್ಟರ್ ದೀವಾನ್ (ರತ್ನಾ ಪಾಠಕ್ ಷಾ) ಒಂದು ಉಪಾಯ ಹೇಳುತ್ತಾರೆ. ನೀನೂ ಹತ್ತನೇ ಕ್ಲಾಸಿಗೆ ಅರ್ಧಕ್ಕೆ ಬಿಟ್ಟವಳಲ್ಲವೆ? ಹೋಗು, ಸೇರು, ಕಲಿತು ಮಗಳಿಗೆ ಹೇಳಿಕೊಡು! ಚಂದಾ ಸೇರುತ್ತಾಳೆ, ಮಗಳ ಕ್ಲಾಸಿಗೇ. ಮುಂದಿನ ತಮಾಷೆಗೆ ಹೆಡ್‌ಮಾಸ್ಟರ್ ಶ್ರೀವಾಸ್ತವ ಇದ್ದಾರೆ. ಆ ಪಾತ್ರದಲ್ಲಿ ಪಂಕಜ್ ತ್ರಿಪಾಠಿ... ಅಬ್ಬಬ್ಬಾ! ಇಂದು ಓಟಿಟಿಯಲ್ಲಿ ಕಾಲೀನ್ ಭೈಯ್ಯಾ ಆಗಿ ನಿಮ್ಮನ್ನು ನಡುಗಿಸಿದ ಮನುಷ್ಯ ಇವರೇನಾ ಅನ್ನಿಸುತ್ತೆ. ಚಾಕ್‌ಪೀಸ್ ಹಿಡಿದು ನಿಂತರೆ ಸಾಕು, ನಮ್ಮೂರ ಯಾವ ಮೇಷ್ಟರನ್ನೋ ಎತ್ತಿಕೊಂಡು ಬಂದು ನಿಲ್ಲಿಸಿದ ಹಾಗೆ.

ತಾಯಿ ಪಾತ್ರಕ್ಕೆ ಮುಪ್ಪಾಗಬೇಕಿಲ್ಲ

ಚಂದಾ ಆದವರು ಸ್ವರಾ ಭಾಸ್ಕರ್. ‘ತನು ವೆಡ್ಸ್ ಮನು’, ‘ರಾಂಝಣಾ’ಗಳಲ್ಲಿ ನಾಯಕಿಯ ಪಕ್ಕದಲ್ಲಿ ನಿಂತಿದ್ದ ಹುಡುಗಿ. ಈ ಚಿತ್ರ ಬಂದಾಗ ಆಕೆಗೆ ಮೂವತ್ತೂ ತುಂಬಿರಲಿಲ್ಲ! ಹತ್ತನೇ ಕ್ಲಾಸಿನ ಹುಡುಗಿಯ ತಾಯಿ ಆಗು ಅಂದರೆ ಎಷ್ಟು ಜನ ನಟೀಮಣಿಯರು ಒಪ್ಪುತ್ತಾರೆ ಹೇಳಿ. ಮಗಳಾದ ರಿಯಾ ಶುಕ್ಲಾ ಕೂಡ ಕಡಿಮೆಯಿಲ್ಲ, ಮುಖ ಸಿಂಡರಿಸಿದರೆ ಎದ್ದು ಹೋಗಿ ಒಂದು ಬಾರಿಸೋಣ ಅನ್ನಿಸುತ್ತೆ.

ನಮ್ಮ ಬೆಳ್ಳಿತೆರೆಯ ಅಮ್ಮಂದಿರು ನಿಮಗೆ ಗೊತ್ತಲ್ಲ. ಪಂಡರೀಬಾಯಿಯವರ ಆ ಕಣ್ಣು, ಆ ಮೌನ. 1957ರ ‘ಮದರ್ ಇಂಡಿಯಾ’ದಲ್ಲಿ ನರ್ಗಿಸ್ ಒಬ್ಬಳೇ ನೇಗಿಲೆಳೆದು ಮಕ್ಕಳನ್ನು ಸಾಕಿ, ಕೊನೆಗೆ ದಾರಿ ತಪ್ಪಿದ ಮಗನಿಗೇ ಗುಂಡು ಹೊಡೆದರು. ಆ ತಾಯಂದಿರನ್ನು ನಾವು ಕೈಮುಗಿದು ನೋಡಿದೆವು. ಚಂದಾಗೆ ಯಾರೂ ಕೈಮುಗಿಯೋದಿಲ್ಲ. ಅವಳು ತಪ್ಪು ಲೆಕ್ಕ ಮಾಡ್ತಾಳೆ, ಬೈಸಿಕೊಳ್ತಾಳೆ, ಕ್ಲಾಸಿನ ಹುಡುಗ ಅಮರನ ಹತ್ತಿರ ಕೂತು ಮಗುವಿನ ಹಾಗೆ ಕಲೀತಾಳೆ. ಕಲೆಕ್ಟರ್ ಆಗೋದು ಹೇಗೆ ಅಂತ ಕಲೆಕ್ಟರನ್ನೇ ಹುಡುಕಿಕೊಂಡು ಹೋಗಿ ಕೇಳ್ತಾಳೆ! ಮಗಳಿಗೋ ಇವಳು ತನ್ನ ತಾಯಿ ಅಂತ ಕ್ಲಾಸಿನಲ್ಲಿ ಯಾರಿಗೂ ಗೊತ್ತಾಗಬಾರದು. ಚಂದಾ ಅದಕ್ಕೂ ಒಪ್ಪಿಕೊಳ್ತಾಳೆ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಕೆಲಸದಾಕೆ. ನಾನು ಪಿಯುಸಿಯಲ್ಲಿದ್ದಾಗ ಒಮ್ಮೆ ಫೀಸಿನ ದುಡ್ಡು ಮನೆಯಲ್ಲೇ ಮರೆತೆ. ಅಮ್ಮ ಭಟ್ಟಿಯಿಂದ ಹಾಗೇ ಕಾಲೇಜಿನ ಗೇಟಿಗೆ ಬಂದಿದ್ದಳು. ತಲೆಯ ಮೇಲೆ ಬೂದಿ, ಸೆರಗಿನ ಗಂಟಿನಲ್ಲಿ ನೋಟು. ಯಾರೋ ಅದು ಅಂತ ಗೆಳೆಯರು ಕೇಳಿದರು. ಪಕ್ಕದ ಮನೆಯವರು ಅಂದೆ. ಅಮ್ಮ ಅಲ್ಲೇ ನಿಂತಿದ್ದಳು. ಕೇಳಿಸಿತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. ಆ ಫೀಸು ಕಟ್ಟಿಯೂ ಲೆಕ್ಕದಲ್ಲಿ ಡುಮ್ಕಿ ಹೊಡೆದು ಕಾಲೇಜು ಬಿಟ್ಟೆ ಅನ್ನೋದು ಬೇರೆ ಮಾತು.

ಹಾಗಾಗಿ ಅಪು ಅಮ್ಮ ಕೂಡಿಟ್ಟ ದುಡ್ಡನ್ನು ಗೆಳೆಯರ ಜೊತೆ ಉಡಾಯಿಸುವ ದೃಶ್ಯ ಬಂದಾಗ ಎಲ್ಲರೂ ಆ ಹುಡುಗಿಯನ್ನು ಬೈದರು. ನಾನು ಬೈಯಲಿಲ್ಲ.

ಒಂದೇ ಮನೆ, ಎರಡು ಚಿತ್ರ

ನಿರ್ದೇಶಕಿ ಅಶ್ವಿನಿ ಅಯ್ಯರ್ ತಿವಾರಿಗೆ ಇದು ಚೊಚ್ಚಲ ಚಿತ್ರ, ಮೊದಲು ಜಾಹೀರಾತಿನಲ್ಲಿದ್ದವರು. ಪತಿ ನಿತೇಶ್ ತಿವಾರಿ ಕೂಡ ಬರಹಕ್ಕೆ ಕೈ ಜೋಡಿಸಿದರು. ಆ ನಿತೇಶ್ ಅದೇ ವರ್ಷ ಡಿಸೆಂಬರಿನಲ್ಲಿ ‘ದಂಗಲ್’ ತಂದರು. ನೋಡಿ ಮಜಾ! ಅಲ್ಲಿ ಅಪ್ಪ ಹೆಣ್ಣುಮಕ್ಕಳನ್ನು ಅಖಾಡಕ್ಕೆ ಇಳಿಸಿದ, ಇಲ್ಲಿ ಅಮ್ಮ ತಾನೇ ಅಖಾಡಕ್ಕೆ ಇಳಿದಳು. ಆ ಚಿತ್ರಕ್ಕೆ ದೇಶವೇ ಶಿಳ್ಳೆ ಹೊಡೆಯಿತು. ಈ ಬಡಪಾಯಿಗೆ ಅಷ್ಟು ಶಿಳ್ಳೆ ಎಲ್ಲಿ ಬಿತ್ತು?

ತಮಿಳಿನಲ್ಲಿ ಅಶ್ವಿನಿಯೇ ಅದೇ ವರ್ಷ ‘ಅಮ್ಮಾ ಕಣಕ್ಕು’ ಎಂದು ಮತ್ತೆ ತೆಗೆದರು. ಅಮಲಾ ಪೌಲ್ ತಾಯಿ, ಧನುಷ್ ನಿರ್ಮಾಪಕ, ಇಳಯರಾಜಾ ಸಂಗೀತ. 2017ರಲ್ಲಿ ಮಲೆಯಾಳದ ‘ಉದಾಹರಣಂ ಸುಜಾತಾ’ದಲ್ಲಿ ಮಂಜು ವಾರಿಯರ್ ಯೂನಿಫಾರ್ಮು ತೊಟ್ಟರು.

ಕೊರತೆ ಇಲ್ಲವೆ? ಇದೆ. ಅಮರ ನಾಲ್ಕು ಮಾತು ಹೇಳಿದ ಕೂಡಲೆ ಗಣಿತದ ಭೂತ ಬಿಟ್ಟು ಓಡುತ್ತೆ. ಅಷ್ಟು ಸುಲಭವಾಗಿದ್ದರೆ ನಾನು ಇವತ್ತು ಲೇಖನ ಬರೆದುಕೊಂಡು ಇರ್ತಿದ್ದೆನೆ? ಕೊನೆಗೆ ಕಥೆ ಒಂದೇ ಜಿಗಿತಕ್ಕೆ ವರ್ಷಗಳನ್ನು ದಾಟಿ ಐಎಎಸ್ ಸಂದರ್ಶನದ ಕೋಣೆಗೇ ಹೋಗಿ ನಿಲ್ಲುತ್ತೆ. ಆದರೆ ಅಲ್ಲಿ ಅಪು ಕೊಡುವ ಉತ್ತರ ಇದೆಯಲ್ಲ, ಅದನ್ನು ನಾನು ಹೇಳೋಲ್ಲ. ನೀವೇ ನೋಡಿ.

ಹೋದ ತಿಂಗಳು ಈ ಚಿತ್ರವನ್ನು ಮೊಬೈಲಿನಲ್ಲಿ ಹಾಕಿ ಅಮ್ಮನಿಗೆ ತೋರಿಸಿದೆ. ಹಿಂದಿ ಬರೋದಿಲ್ಲ, ನಡುನಡುವೆ ನಾನೇ ಹೇಳ್ತಿದ್ದೆ. ಚಂದಾ ಕ್ಲಾಸಿನೊಳಗೆ ಕಾಲಿಟ್ಟಾಗ ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೇ ನಕ್ಕಿದ್ದು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ನಾನೂ ಹಿಂಗೇ ಬಂದು ನಿನ್ನ ಬಗಲಿಗೆ ಕುಂತಿದ್ರೆ ಪಾಸಾಗ್ತಿದ್ದೇನೋ?’ ಅಂದಳು. ಆಮೇಲೆ ತಾನೇ, ‘ಭಟ್ಟಿಯವರು ರಜಾ ಎಲ್ಲಿ ಕೊಡ್ತಿದ್ರು ಬಿಡು’ ಅಂತ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.