ಪ್ಲೇಟು ಕೂತ ಗಾಡಿ

ನರಸಿಂಹರಾಜಪುರದಿಂದ ಕೊಪ್ಪ, ಶೃಂಗೇರಿಯವರೆಗಿನ ತೋಟದ ಮನೆಗಳಲ್ಲಿ ಹಳೆಯ ಜೀಪು, ಓಮ್ನಿ, ಮಾರುತಿ 800 ಇನ್ನೂ ದುಡಿಯುತ್ತಿವೆ. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಸೊಂಟ ಮಾತ್ರ ಬಿದ್ದಿರುತ್ತದೆ. ಅಡಿಕೆ ಚೀಲ, ಗೊಬ್ಬರದ ಮೂಟೆ, ಮದುವೆಗೆ ಹೊರಟ ಮನೆಮಂದಿಯನ್ನೆಲ್ಲ ಹೊತ್ತು ಟಾರು ಬಿಟ್ಟು ಮಣ್ಣುರಸ್ತೆಗೆ ಇಳಿದಾಗ ಪೆಟ್ಟು ತಿನ್ನುವುದು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್. ಗ್ಯಾರೇಜಿನ ಮಾತಲ್ಲಿ ಪ್ಲೇಟು, ಶಾಕು.

ಇವೆರಡರ ಕೆಲಸ ಬೇರೆ ಬೇರೆ. ಭಾರ ಹೊರುವುದು ಸ್ಪ್ರಿಂಗು. ಗುಂಡಿಯಲ್ಲಿ ನುಂಗಿದ ಪೆಟ್ಟನ್ನು ಅದು ವಾಪಸು ಕೊಡುತ್ತದೆ, ಗಾಡಿ ಕುಣಿಯುತ್ತದೆ. ಕುಣಿತ ನಿಲ್ಲಿಸುವುದು ಶಾಕು. ಅದರೊಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನೂಕುವಾಗ ಕುಣಿತದ ಕಸುವು ಬಿಸಿಯಾಗಿ ಕಳೆದುಹೋಗುತ್ತದೆ. ಸೀಲು ಸವೆದು ಎಣ್ಣೆ ಸೋರಿದರೆ ಗುಂಡಿ ದಾಟಿದ ಮೇಲೂ ಗಾಡಿ ತೂಗುತ್ತದೆ, ಬ್ರೇಕ್ ಒತ್ತಿದರೆ ಮೂತಿ ಬಗ್ಗುತ್ತದೆ, ಟೈರು ಅಲ್ಲಲ್ಲಿ ಗುಳಿಬಿದ್ದು ಸವೆಯುತ್ತದೆ. ಇನ್ನು ಗಾಡಿ ಒಂದು ಪಕ್ಕಕ್ಕೆ ವಾಲಿದ್ದರೆ ತಪ್ಪು ಸಾಮಾನ್ಯವಾಗಿ ಸ್ಪ್ರಿಂಗಿನದು. ಅದಕ್ಕೆ ಹೊಸ ಶಾಕು ಹಾಕಿಸಿ, ಗಾಡಿ ಏಳಲಿಲ್ಲವೆಂದು ಜಗಳಕ್ಕೆ ನಿಂತು ಪ್ರಯೋಜನವಿಲ್ಲ.

ಹಳೆಯ ಜೀಪಿಗೆ ನಾಲ್ಕೂ ಚಕ್ರಕ್ಕೆ, ಓಮ್ನಿಗೆ ಹಿಂದಿನ ಎರಡಕ್ಕೆ ಪ್ಲೇಟಿನ ಕಟ್ಟು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. 1983ರ ಮೊದಲ ಮಾರುತಿ 800ರ ಹಿಂಭಾಗದಲ್ಲೂ ಪ್ಲೇಟೇ ಇತ್ತು. 1986ರ ಮಾದರಿಗೆ ಸುರುಳಿ ಸ್ಪ್ರಿಂಗು ಬಂತು. ಬಸ್ಸುಗಳದೂ ಇದೇ ಕಥೆ. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿ 2020ರವರೆಗೆ ನಡೆಸಿದ ಸಹಕಾರ ಸಾರಿಗೆಯ ಬಸ್ಸುಗಳು ಈ ಘಾಟಿ ತಿರುವುಗಳಲ್ಲಿ ಓಡಿದ್ದೂ ಪ್ಲೇಟಿನ ಮೇಲೆಯೇ.

ಪ್ಲೇಟಿನ ಕೆಲಸದಲ್ಲಿ ಬಿಚ್ಚುವುದೇ ಅರ್ಧ ದಿನದ ಪಾಡು. ಕಟ್ಟನ್ನು ಆಕ್ಸಲಿಗೆ ಬಿಗಿಯುವ ಯೂ-ಬೋಲ್ಟುಗಳು ಮಲೆನಾಡಿನ ಮಳೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಕಟ್ಟನ್ನು ನಡುವೆ ಪೋಣಿಸಿ ಹಿಡಿದ ಸೆಂಟರ್ ಬೋಲ್ಟ್ ತೆಗೆದರೆ ಪ್ಲೇಟುಗಳು ಒಂದೊಂದಾಗಿ ಬೇರೆಯಾಗುತ್ತವೆ. ಬಿರುಕು ಬಿಟ್ಟದ್ದು ಹೊರಕ್ಕೆ. ಬರೀ ಚಪ್ಪಟೆಯಾದದ್ದನ್ನು ತಣ್ಣಗಿರುವಾಗಲೇ ಅಂಗುಲ ಅಂಗುಲ ಸರಿಸುತ್ತ ಸುತ್ತಿಗೆಯಿಂದ ಬಡಿದು ಕಮಾನು ಏರಿಸುತ್ತಾರೆ. ಬೆಂಕಿಗೆ ಹಿಡಿದರೆ ಬಗ್ಗಿಸುವುದು ಸುಲಭ, ಆದರೆ ಉಕ್ಕಿನ ಹದ ಹೋಗುತ್ತದೆ. ಮತ್ತೆ ಹದ ಕೊಡದೆ ಹಾಕಿದ ಪ್ಲೇಟು ಬೇಗ ಕೂರುತ್ತದೆ. ಎಡಗಡೆಯ ಕಮಾನನ್ನು ಬಲಗಡೆಯದಕ್ಕೆ ಸರಿದೂಗಿಸುವುದು ಅಳತೆಪಟ್ಟಿಗಿಂತ ಹೆಚ್ಚಾಗಿ ಕಣ್ಣಿನ ಕೆಲಸ, ಕೈಗುಣ ಗೊತ್ತಾಗುವುದೂ ಅಲ್ಲೇ.

‘ಒಂದು ಎಕ್ಸ್‌ಟ್ರಾ ಪ್ಲೇಟು ಸೇರಿಸಿಬಿಡಿ’ ಎನ್ನುವ ಗಿರಾಕಿಗಳಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಲೋಡು ಇದ್ದಾಗ ಸರಿ, ಖಾಲಿ ಗಾಡಿ ಎಗರೆಗರಿ ಬೀಳುತ್ತದೆ. ಪ್ಲೇಟು ತಿನ್ನಬೇಕಾದ ಪೆಟ್ಟನ್ನು ಚಾಸಿಯೂ ಹಿಂದೆ ಕೂತವರ ಬೆನ್ನೂ ತಿನ್ನುತ್ತವೆ.

ತೆಗೆದ ಪ್ಲೇಟೆಲ್ಲ ಗುಜರಿ ಪಾಲಾಗುವುದಿಲ್ಲ. ಶೇಕಡಾ 0.5ಕ್ಕೂ ತುಸು ಮಿಕ್ಕಿ ಇಂಗಾಲವಿರುವ ಈ ಉಕ್ಕು ಕುಲುಮೆಯವರಿಗೆ ಬೇಕಾದ ಮಾಲು. ತೋಟದ ಕತ್ತಿಗೆ ಜೀಪಿನ ಪ್ಲೇಟೇ ಆಗಬೇಕೆಂದು ಹಟ ಹಿಡಿಯುವವರೂ ಇದ್ದಾರೆ.

ಸುರುಳಿ ಸ್ಪ್ರಿಂಗಿಗೆ ಬಡಿತದ ರಿಪೇರಿ ಇಲ್ಲ, ಬದಲಾವಣೆಯೊಂದೇ. ಅದು ಹೆಚ್ಚಾಗಿ ಮುರಿಯುವುದು ಕೆಸರು ನಿಲ್ಲುವ ಕೆಳಸುತ್ತಿನಲ್ಲಿ. ಮಾರುತಿ 800ರ ಮುಂದಿನ ಸ್ಟ್ರಟ್ಟಿನಲ್ಲಿ, ಅಂದರೆ ಶಾಕು, ಸ್ಪ್ರಿಂಗು ಒಂದಾಗಿರುವ ಜೋಡಣೆಯಲ್ಲಿ, ಸ್ಪ್ರಿಂಗು ಅದುಮಿಕೊಂಡೇ ಕೂತಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಕಟ್ಟದೆ ಮೇಲಿನ ನಟ್ಟು ಬಿಚ್ಚಿದರೆ ಚಿಮ್ಮಿ ಮುಖಕ್ಕೇ ಬಡಿಯಬಹುದು. ಮನೆಯಂಗಳದಲ್ಲಿ ಸ್ಪ್ಯಾನರ್ ಹಿಡಿದು ಮಾಡಿ ನೋಡುವ ಕೆಲಸ ಇದಲ್ಲ. ಸ್ಪ್ರಿಂಗಾಗಲಿ ಶಾಕಾಗಲಿ, ಒಂದು ಆಕ್ಸಲಿನ ಎರಡೂ ಕಡೆ ಜೋಡಿಯಾಗಿಯೇ ಬದಲಿಸಬೇಕು. ಇಲ್ಲವಾದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಗಾಡಿ ಒಂದೊಂದು ಕಡೆ ಒಂದೊಂದು ಥರ ವರ್ತಿಸುತ್ತದೆ.

ರಬ್ಬರ್ ಬುಷ್ ಹಿಡಿಯುವ ಬೋಲ್ಟುಗಳನ್ನು ಕೊನೆಯ ಸಲ ಬಿಗಿಯುವುದು ಗಾಡಿಯನ್ನು ಜಾಕಿನಿಂದ ಇಳಿಸಿ, ಭಾರ ಚಕ್ರದ ಮೇಲೆ ಬಂದ ನಂತರ. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ಕೆಳಗಿಳಿದ ಕೂಡಲೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಮುಂದಿನ ಸ್ಟ್ರಟ್ಟು ಮುಟ್ಟಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಪ್ಲೇಟಿನ ಗಾಡಿಯಾದರೆ ಕೆಲವು ನೂರು ಕಿಲೋಮೀಟರ್ ಓಡಿಸಿ ಯೂ-ಬೋಲ್ಟ್ ಮತ್ತೊಮ್ಮೆ ಬಿಗಿಸಲು ಬನ್ನಿ ಎನ್ನುತ್ತಾರೆ ಮೇಸ್ತ್ರಿಗಳು. ಹೊಸ ಪ್ಲೇಟು ಓಡಾಟದಲ್ಲಿ ಒಂದಕ್ಕೊಂದು ಹೊಂದಿ ಕೂರುವಾಗ ನಟ್ಟು ತುಸು ಸಡಿಲವಾಗಿರುತ್ತದೆ. ಹಾಗೆಯೇ ಬಿಟ್ಟರೆ ಮೊದಲು ತುಂಡಾಗುವುದು ಸೆಂಟರ್ ಬೋಲ್ಟು.