ಲಿಫ್ಟಿನ ಗುಂಡಿ ತಾನಾಗಿ ಶುದ್ಧವಾಗುವುದಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಗುಂಡಿಗಳ ಪಕ್ಕ ಒಂದು ಚೀಟಿ ಅಂಟಿಸಿದ್ದಾರೆ: ‘ನ್ಯಾನೋ ಲೇಪನ ಮಾಡಲಾಗಿದೆ. ಬೆಳಕು ಬಿದ್ದರೆ ಸಾಕು, ರೋಗಾಣುಗಳು ಸಾಯುತ್ತವೆ.’ ನೆಲಮಹಡಿಯ ಗುಂಡಿಯ ಮೇಲೆ ಬೆರಳಿನ ಜಿಡ್ಡು ಹೊಳೆಯುತ್ತಿದೆ, ಅಂಚಿನಲ್ಲಿ ಕಪ್ಪು ಗೆರೆ ಕಟ್ಟಿದೆ. ‘ದಿನಾ ಒರೆಸ್ತಿದ್ರಲ್ಲ, ಯಾಕೆ ನಿಲ್ಲಿಸಿದ್ರಿ?’ ಎಂದು ನೆಲ ಒರೆಸುವ ಅಮ್ಮನನ್ನು ಕೇಳಿದೆ. ‘ಅದೇ ಕೊಲ್ಲುತ್ತಂತೆ ಸಾರ್, ಒರೆಸೋದು ಬೇಡ ಅಂದಿದ್ದಾರೆ’ ಎಂದರು. ಆ ‘ಅಂತೆ’ಯೇ ನನ್ನನ್ನು ಬರೆಯಲು ಕೂರಿಸಿತು.

ತಪ್ಪು ಕಲ್ಪನೆ: ಲೇಪನ ಒಮ್ಮೆ ಬಳಿದರೆ ಯಾವ ಬೆಳಕಿನಲ್ಲಾದರೂ ಅದು ಕ್ರಿಮಿಗಳನ್ನು ಕೊಲ್ಲುತ್ತಲೇ ಇರುತ್ತದೆ.

ಸತ್ಯ: ಇಂಥ ಲೇಪನಗಳಲ್ಲಿ ಹೆಚ್ಚಾಗಿ ಇರುವುದು ಟೈಟಾನಿಯಂ ಡೈಆಕ್ಸೈಡ್. ಬೆಳಕು ಬಿದ್ದಾಗ ಅದು ನೀರನ್ನು ಒಡೆಯುವುದನ್ನು ಜಪಾನಿನ ಅಕಿರ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ಪ್ರಕಟಿಸಿದರು. ಅದರ ಪುಡಿ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆಂದು 1985ರಲ್ಲಿ ಜಪಾನಿನವರೇ ತೋರಿಸಿದರು. ವಿಜ್ಞಾನ ಗಟ್ಟಿಯಾದದ್ದೇ. ಆದರೆ ಈ ಕಣ ಎಚ್ಚರಗೊಳ್ಳಲು ಸುಮಾರು 388 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ಬೇಕು, ಅಂದರೆ ನೇರಳಾತೀತ ಕಿರಣ. ಬಿಸಿಲಿನಲ್ಲೇ ಅದು ನೂರಕ್ಕೆ ಐದರ ಆಸುಪಾಸು. ಲಿಫ್ಟಿನ ಎಲ್‌ಇಡಿ ದೀಪದಲ್ಲಿ ಇಲ್ಲವೆಂದೇ ಹೇಳಬೇಕು. ತಾಮ್ರ ಮೊದಲಾದವನ್ನು ಬೆರೆಸಿ ಕೋಣೆಯ ಬೆಳಕಿಗೂ ಕೆಲಸ ಮಾಡುವಂತೆ ಪಳಗಿಸಿದ ಕಣಗಳಿವೆ, ನಿಜ. ಆದರೆ ಈ ಬಗೆಯ ಲೇಪನಗಳ ಪ್ರಯೋಗಾಲಯ ಪರೀಕ್ಷೆಯೇ ಗಂಟೆಗಟ್ಟಲೆ ಬೆಳಕಿನಲ್ಲಿಟ್ಟು ನಡೆಯುತ್ತದೆ. ನಿಮ್ಮ ಹಿಂದಿನವರ ಬೆರಳಿಗೂ ನಿಮ್ಮ ಬೆರಳಿಗೂ ನಡುವೆ ಅರ್ಧ ನಿಮಿಷವೂ ಇರುವುದಿಲ್ಲ.

ಇನ್ನೂ ದೊಡ್ಡ ಅಡ್ಡಿ ಆ ಜಿಡ್ಡು. ಕೊಲ್ಲುವುದು ಕಣವಲ್ಲ, ಬೆಳಕು ಬಿದ್ದಾಗ ನೀರು ಮತ್ತು ಆಮ್ಲಜನಕದಿಂದ ಅದು ಹುಟ್ಟಿಸುವ ಉಗ್ರ ರಾಸಾಯನಿಕ ತುಣುಕುಗಳು. ಅವುಗಳಲ್ಲಿ ಅತಿ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿದ ಜಾಗದಿಂದ ಕೆಲವೇ ನ್ಯಾನೋಮೀಟರ್ ದಾಟುವುದರೊಳಗೆ ಮುಗಿದುಹೋಗುತ್ತದೆ. ಬ್ಯಾಕ್ಟೀರಿಯಾದ ಉದ್ದವೇ ಸಾವಿರ ನ್ಯಾನೋಮೀಟರಿನಷ್ಟು. ಮೇಲೆ ಎಣ್ಣೆ, ಧೂಳು ಕೂತರೆ ಆ ತುಣುಕುಗಳು ಮೊದಲು ತಿನ್ನುವುದು ಆ ಕೊಳೆಯನ್ನೇ. ಅಂದರೆ ಲೇಪನ ಕೆಲಸ ಮಾಡಬೇಕಾದರೂ ಒರೆಸಲೇಬೇಕು. ಒರೆಸುವುದನ್ನು ನಿಲ್ಲಿಸಲು ಅದನ್ನೇ ನೆಪ ಮಾಡಿಕೊಂಡಿದ್ದೇವೆ.

ಗೋಡೆಯ ಬಿಳಿ ಬಣ್ಣದಲ್ಲೂ ಇದೇ ಟೈಟಾನಿಯಂ ಡೈಆಕ್ಸೈಡ್ ಇದೆ. ಅಲ್ಲಿ ಕಂಪನಿಗಳು ಕಣಗಳ ಮೇಲೆ ಸಿಲಿಕಾ, ಅಲ್ಯುಮಿನಾ ಹೊದಿಸಿ ಅದರ ಉಗ್ರತೆಯನ್ನು ಬೇಕೆಂದೇ ಅಡಗಿಸುತ್ತವೆ. ಇಲ್ಲದಿದ್ದರೆ ಬಿಸಿಲಿಗೆ ಅದು ಬಣ್ಣವನ್ನೇ ತಿಂದು, ಗೋಡೆ ಮುಟ್ಟಿದರೆ ಕೈಗೆ ಸುಣ್ಣದಂಥ ಪುಡಿ ಹತ್ತುತ್ತದೆ. ವಸ್ತುವಿನ ಹೆಸರು ಒಂದೇ ಎಂದ ಮಾತ್ರಕ್ಕೆ ಕೆಲಸವೂ ಒಂದೇ ಅಲ್ಲ.

ಉಳಿದ ತಪ್ಪು ಕಲ್ಪನೆಗಳು ಚುಟುಕಾಗಿ.

‘ಕಣಗಳನ್ನು ನುಂಗಿ ಬಿಸಿಲಿಗೆ ನಿಂತರೆ ಒಳಗಿನ ಸೋಂಕು ಹೋಗುತ್ತದೆ.’ ಇಲ್ಲ. ಕಣ್ಣಿಗೆ ಕಾಣುವ ಬೆಳಕು ಮೈಯೊಳಗೆ ಇಳಿಯುವುದು ಕೆಲವು ಮಿಲಿಮೀಟರ್ ಮಾತ್ರ. ಗಾಯಕ್ಕೆ, ಚರ್ಮಕ್ಕೆ ಇದರಿಂದ ಆಸೆಯಿದೆ. ಶ್ವಾಸಕೋಶಕ್ಕೆ ಹೊರಗಿನ ಬಿಸಿಲು ತಲುಪದು.

‘ನ್ಯಾನೋ ಎಂದರೆ ನಿರಪಾಯ.’ ಆ ಉಗ್ರ ತುಣುಕುಗಳಿಗೆ ಬ್ಯಾಕ್ಟೀರಿಯಾ ಯಾವುದು, ನಿಮ್ಮ ಜೀವಕೋಶ ಯಾವುದು ಎಂಬ ಭೇದವಿಲ್ಲ. ಪ್ರಮಾಣ ಮತ್ತು ಗುರಿಯೇ ಎಲ್ಲ.

‘ಆಂಟಿಬಯೋಟಿಕ್ಕುಗಳ ಕಾಲ ಮುಗಿಯಿತು.’ 2016ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಬೆಳಕಿನಿಂದ ಚುರುಕಾಗುವ ‘ಕ್ವಾಂಟಂ ಚುಕ್ಕೆ’ಗಳೆಂಬ ನ್ಯಾನೋ ಕಣಗಳಿಂದ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಶೇ 92ರಷ್ಟನ್ನು ಕೊಂದರು. ಬಹಳ ಒಳ್ಳೆಯ ಕೆಲಸ, ಆದರೆ ಅದು ನಡೆದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳ ಮೇಲೆ. ಉಳಿದ ಶೇ 8ರ ಲೆಕ್ಕವನ್ನೂ ಹಾಕಿ: ಒಳ್ಳೆಯ ಆಹಾರ ಸಿಕ್ಕರೆ ಇ. ಕೊಲೈ 20 ನಿಮಿಷಕ್ಕೆ ಎರಡಾಗುತ್ತದೆ. ಎಂಟು ಹದಿನಾರಾಗಿ, ಮೂವತ್ತೆರಡಾಗಿ, ಒಂದೂವರೆ ಗಂಟೆಯೊಳಗೆ ನೂರು ದಾಟುತ್ತದೆ.

ನನಗೆ ಕೋಪ ಇರುವುದು ಸಂಶೋಧನೆಯ ಮೇಲಲ್ಲ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವಿಗೆ ನೇರ ಕಾರಣವಾದವೆಂಬ ಅಂದಾಜಿದೆ. ಹೊಸ ದಾರಿ ಬೇಕೇ ಬೇಕು. ಕೋಪ ಇರುವುದು ಅರ್ಥವಾಗದ ಪದ ಕಂಡೊಡನೆ ಕೈಮುಗಿಯುವ ನಮ್ಮ ಅಭ್ಯಾಸದ ಮೇಲೆ. ನಿನ್ನೆ ‘ಆಯಾನ್’, ಇವತ್ತು ‘ನ್ಯಾನೋ’. ಯಾವ ಬೆಳಕು, ಎಷ್ಟು ಹೊತ್ತು, ಯಾವ ಪರೀಕ್ಷೆ ಎಂಬ ಮೂರು ಪ್ರಶ್ನೆಗಳನ್ನು ಚೀಟಿ ಅಂಟಿಸಲು ಬಂದವರಿಗೆ ಯಾರೂ ಕೇಳಲಿಲ್ಲ.

ನೀವು ಕೇಳಿ. ಉತ್ತರ ಬರುವವರೆಗೆ ಗುಂಡಿಯನ್ನು ದಿನಾ ಒರೆಸಿ, ಮನೆಗೆ ಬಂದೊಡನೆ ಸೋಪು ಹಚ್ಚಿ ಕೈ ತೊಳೆಯಿರಿ. ಸೋಪು ಕತ್ತಲಲ್ಲೂ ಕೆಲಸ ಮಾಡುತ್ತದೆ.